ಟೋಕನ್ ಕೌಂಟರಿನ ಮಳೆಗಾಲ

ಮೊನ್ನೆ ಅಕ್ಕನ ಮೊಣಕಾಲು ತೋರಿಸಲೆಂದು ಯಲಹಂಕದ ಆಸ್ಪತ್ರೆಯೊಂದಕ್ಕೆ ಹೋಗಿದ್ದೆ. ಹೊರಗೆ ಜಿಟಿಜಿಟಿ ಮಳೆ. ಬಾಗಿಲು ದಾಟುತ್ತಿದ್ದಂತೆ ಒದ್ದೆ ಛತ್ರಿ, ಫಿನಾಯಿಲು, ಜನರ ಮೈಮೇಲೇ ಆರುತ್ತಿದ್ದ ಬಟ್ಟೆ, ಎಲ್ಲ ಕಲಸಿದ ಒಂದು ವಾಸನೆ ಬಂತು. ಅಕ್ಕ ಏನೋ ಕೇಳುತ್ತಿದ್ದಳು, ನನಗೆ ಕೇಳಿಸಲಿಲ್ಲ. ಇದೇ ವಾಸನೆಯ ನಡುವೆ, ಹೆಬ್ಬಾಳದ ಇನ್ನೊಂದು ಆಸ್ಪತ್ರೆಯಲ್ಲಿ, ಒಬ್ಬ ಹೆಂಗಸಿನ ಮೇಲೆ ಕಣ್ಣಿಟ್ಟು ನಾನು ಕೂತಿದ್ದ ಮಳೆಗಾಲ ನೆನಪಾಯಿತು.

ಕೆಲವು ವರ್ಷಗಳ ಹಿಂದಿನ ಮಾತು. ಬ್ಯಾಟರಾಯನಪುರದಲ್ಲಿ ಟೈರ್ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ನಮ್ಮ ಸಣ್ಣ ಕಂಪನಿ ಇತ್ತು. ಮಾಲೀಕರು ಗುರುಪ್ರಸಾದ್ ಸರ್. ಪ್ರೋಗ್ರಾಮ್ ಬರೆಯಲು ಇದ್ದವರು ಇಬ್ಬರೇ, ನಾನು ಮತ್ತು ಲೋಹಿತ್. ಆಸ್ಪತ್ರೆ, ಬ್ಯಾಂಕುಗಳಲ್ಲಿ ಯಾರ ಸರದಿ ಎಂದು ಕೆಂಪು ದೀಪಗಳಲ್ಲಿ ತೋರಿಸುವ ಬೋರ್ಡುಗಳನ್ನು ನಾವು ಮಾಡುತ್ತಿದ್ದೆವು. ಆ ವರ್ಷ ಮಳೆ ಹಿಡಿಯುವ ಹೊತ್ತಿಗೆ ಹೆಬ್ಬಾಳದ ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿ ರೋಗಿಗಳು ಕಾಯುವ ಹಾಲಿನಲ್ಲಿ ನಮ್ಮ ಬೋರ್ಡು ಹೊಸದಾಗಿ ಗೋಡೆ ಏರಿತ್ತು.

ಅಲ್ಲಿನ ಏರ್ಪಾಡು ಸರಳ. ಬಾಗಿಲಲ್ಲೇ ಕೂತ ನರ್ಸ್ ರೋಗಿಯನ್ನು ನೋಡಿ ಚೀಟಿಯ ಮೇಲೆ ಒಂದರಿಂದ ಐದರೊಳಗೆ ಒಂದು ಅಂಕಿ ಬರೆಯುತ್ತಿದ್ದರು. ಒಂದು ಎಂದರೆ ತುರ್ತು, ಐದು ಎಂದರೆ ಕಾಯಬಹುದು. ಚೀಟಿಯನ್ನು ಕೌಂಟರಿಗೆ ಕೊಟ್ಟರೆ ಅಲ್ಲಿರುವವರು ಅದನ್ನು ಕಂಪ್ಯೂಟರಿಗೆ ಹಾಕಿ, ಬಂದ ಕ್ರಮದಲ್ಲಿ ಟೋಕನ್ ಕೊಡುತ್ತಿದ್ದರು. ಬೋರ್ಡು ಇಡೀ ಸಾಲನ್ನು ಜೋಡಿಸಿ ಮುಂದಿನ ನಾಲ್ಕು ಟೋಕನ್ನುಗಳನ್ನು ತೋರಿಸಬೇಕು. ತುರ್ತಿನವರು ಮೊದಲು. ಒಂದೇ ದರ್ಜೆಯವರಾದರೆ ಮೊದಲು ಬಂದವರು ಮೊದಲು.

ಕೌಂಟರಿನಲ್ಲಿ ಇದ್ದವರು ಶಬಾನಾ. ಆರ್.ಟಿ. ನಗರದ ಕಡೆಯವರು, ನನಗಿಂತ ಹತ್ತು ವರ್ಷವಾದರೂ ಹಿರಿಯರು. ಬೋರ್ಡು ಬರುವ ಮುಂಚೆ ಆಕೆಯೇ ಮೈಕಿನಲ್ಲಿ ಹೆಸರು ಹಿಡಿದು ಕರೆಯುತ್ತಿದ್ದರಂತೆ. ಬೋರ್ಡು ಬಂದ ಮೇಲೆ ಮೈಕು ಕೌಂಟರಿನ ಮೂಲೆಯಲ್ಲಿ ಬಟ್ಟೆ ಹೊದ್ದು ಕೂತಿತ್ತು.

ಗಲಾಟೆ ಶುರುವಾದದ್ದು ಮಾಕಳಿಯ ಗಂಗಹನುಮಯ್ಯನವರಿಂದ. ಅವರ ಹೆಂಡತಿ ಲಕ್ಷ್ಮಮ್ಮನಿಗೆ ಸಕ್ಕರೆ ಕಾಯಿಲೆ, ಅಂಗಾಲಿನಲ್ಲಿ ಮಾಯದ ಗಾಯ. ಮೊದಲ ಬಸ್ಸು ಹಿಡಿದು, ಯಶವಂತಪುರದಲ್ಲಿ ಇಳಿದು ಇನ್ನೊಂದು ಹತ್ತಿ, ಎಲ್ಲರಿಗಿಂತ ಮುಂಚೆ ಬಂದು ಕೂರುವ ದಂಪತಿ ಅವರು. ಆದರೂ ಅವರಿಗಿಂತ ಎಷ್ಟೋ ಹಿಂದೆ ಬಂದವರು ಒಳಗೆ ಹೋಗಿ ಔಷಧಿ ಹಿಡಿದು ಹೊರಡುತ್ತಿದ್ದರು. ದೊಡ್ಡ ಟೋಕನ್ ಸಂಖ್ಯೆಯವರು ಮೊದಲು ಹೋದರೆ ಪಾಪ ತುರ್ತು ಇರಬೇಕು ಎಂದು ಜನ ಸುಮ್ಮನಿರುತ್ತಿದ್ದರು. ಒಂದು ದಿನ ರಕ್ತ ಪರೀಕ್ಷೆಗೆಂದು ಬರೀ ಹೊಟ್ಟೆಯಲ್ಲಿ ಬಂದಿದ್ದ ಲಕ್ಷ್ಮಮ್ಮ ಕಾದು ಕಾದು ಬೋರ್ಡಿನ ಕೆಳಗೇ ಕುಸಿದರು. ಅವರನ್ನು ಸ್ಟ್ರೆಚರಿನಲ್ಲಿ ಒಳಗೆ ಸಾಗಿಸಿದ ಮೇಲೆ ಗಂಗಹನುಮಯ್ಯ ನೆಟ್ಟಗೆ ಕೌಂಟರಿಗೆ ಬಂದು, ಹಾಲಿನ ತುಂಬ ಕೇಳುವಂತೆ ಹೇಳಿದರಂತೆ: "ಈವಮ್ಮ ಬಟನ್ ಒತ್ತಿದಾಗೆಲ್ಲ ನಮ್ ನಂಬ್ರು ಇಂದಕ್ಕೆ ಓಯ್ತದೆ. ನಾನು ನೋಡ್ತಾನೇ ಇವ್ನಿ. ಬೇಕಾದೋರ್ನ ಮುಂದಕ್ ಬಿಡ್ತಾವ್ಳೆ."

ಅಷ್ಟು ದಿನ ಯಾರೂ ಬಾಯಿಬಿಟ್ಟು ಹೇಳದಿದ್ದುದನ್ನು ಅವರು ಹೇಳಿಬಿಟ್ಟಿದ್ದರು. ಆಮೇಲೆ ಎಲ್ಲರಿಗೂ ಕಂಡದ್ದೇ ಕಂಡದ್ದು. ಆಸ್ಪತ್ರೆಯ ಆಡಳಿತಾಧಿಕಾರಿ ಸದಾಶಿವಯ್ಯನವರು ನಮ್ಮ ಮಾಲೀಕರಿಗೆ ಫೋನ್ ಮಾಡಿದರು. ಕೌಂಟರಿನ ಹೆಂಗಸು ಏನೋ ಕೈವಾಡ ಮಾಡುತ್ತಿದ್ದಾಳೆ, ಸಾಕ್ಷಿ ಹುಡುಕಿಕೊಡಿ ಎಂದರು. ಬೋರ್ಡೇ ಕೆಟ್ಟಿರಬಹುದು ಎಂದು ಅವರಿಗೂ ಅನ್ನಿಸಲಿಲ್ಲ, ನಮಗೂ ಅನ್ನಿಸಲಿಲ್ಲ. ಮನುಷ್ಯರಿಗಾದರೆ ಆಸೆ ಇರುತ್ತದೆ, ದೀಪಕ್ಕೇನಿದೆ.

ಗುರುಪ್ರಸಾದ್ ಸರ್ ನನ್ನನ್ನು ಕಳಿಸಿದರು. ರೋಗಿಯ ಕಡೆಯವಳ ಹಾಗೆ ಕೂತಿರು, ಆಕೆ ಏನು ಮಾಡುತ್ತಾಳೆ ನೋಡು, ಬೋರ್ಡಿನ ಫೋಟೋ ತೆಗಿ ಎಂದರು.

ಹಾಗೆ ಕೂತೆ. ಹೆಬ್ಬಾಳದ ಫ್ಲೈಓವರಿನ ಕೆಳಗೆ ನೀರು ನಿಂತು ಬಸ್ಸುಗಳು ತಡವಾದಷ್ಟೂ ಹಾಲಿನಲ್ಲಿ ಜನ ಒಟ್ಟೊಟ್ಟಿಗೆ ಬಂದು ತುಂಬುತ್ತಿದ್ದರು. ಅನುಮಾನದ ಕಣ್ಣಿಗೆ ಎಲ್ಲವೂ ಸಾಕ್ಷಿಯೇ. ಶಬಾನಾ ಕಂಪ್ಯೂಟರಿನ ಪರದೆಯನ್ನು ಯಾರಿಗೂ ಕಾಣದಂತೆ ತಿರುಗಿಸಿ ಇಟ್ಟುಕೊಂಡಿದ್ದರು. ಮೆಡಿಕಲ್ ಶಾಪಿನವನೊಬ್ಬ ಬಂದು ಬಗ್ಗಿ ಏನೋ ಪಿಸುಗುಟ್ಟಿ ಹೋದ. ಯಾರೋ ಹೆಂಗಸು ಟಿಫನ್ ಕ್ಯಾರಿಯರ್ ಒಳಗೆ ದಾಟಿಸಿದಳು. ಎಲ್ಲಕ್ಕಿಂತ ಹೆಚ್ಚಾಗಿ, ಗಂಗಹನುಮಯ್ಯ ಹೇಳಿದ್ದು ನಿಜವಾಗಿತ್ತು. ಆಕೆ ಕೀಲಿ ಒತ್ತುತ್ತಿದ್ದಂತೆ ಬೋರ್ಡಿನ ಸಂಖ್ಯೆಗಳು ಅದಲುಬದಲಾಗುತ್ತಿದ್ದವು. ಮುಂದಿದ್ದ ನಲವತ್ತೊಂದು ಮಾಯವಾಗಿ ಐವತ್ತೆಂಟು ಬರುತ್ತಿತ್ತು. ಇನ್ನೊಮ್ಮೆ ಒತ್ತಿದರೆ ನಲವತ್ತೊಂದು ವಾಪಸ್ಸು. ಆ ನಡುವೆ ಡಾಕ್ಟರು ಗಂಟೆ ಒತ್ತಿದರೆ ಆ ಹೊತ್ತಿಗೆ ಮೇಲಿದ್ದವರು ಒಳಗೆ. ಒತ್ತಿದ ಮೇಲೆ ಆಕೆ ಕತ್ತೆತ್ತಿ ಬೋರ್ಡನ್ನು ನೋಡಿ ಹುಬ್ಬು ಗಂಟು ಹಾಕುತ್ತಿದ್ದರು. ಅಂದುಕೊಂಡಂತೆ ಆಗಿದೆಯೋ ಇಲ್ಲವೋ ನೋಡುತ್ತಿದ್ದಾಳೆ ಎಂದುಕೊಂಡೆ.

ಎರಡನೆಯ ದಿನ ಮಧ್ಯಾಹ್ನ ಕಾರಿಡಾರಿನ ಟೀ ಮೆಷಿನ್ನಿನ ಹತ್ತಿರ ಆಕೆಯೇ ನನ್ನ ಪಕ್ಕಕ್ಕೆ ಬಂದು ನಿಂತರು.

"ನೀವು ಪೇಷಂಟ್ ಅಲ್ಲ, ಪೇಷಂಟ್ ಜೊತೆ ಬಂದೋರೂ ಅಲ್ಲ. ಯಾರು ಕಳ್ಸಿದ್ದು ಮೇಡಂ?"

ನಾನು ತಡವರಿಸಿ ಬೋರ್ಡಿನ ಕಂಪನಿಯಿಂದ ಬಂದಿದ್ದೇನೆ ಎಂದೆ.

"ಹತ್ತು ವರ್ಷ ಬಾಯಲ್ಲೇ ಕರ್ದಿದೀನಿ. ಯಾರೂ ಒಂದ್ ಮಾತು ಅಂದಿಲ್ಲ. ನಿಮ್ಮೋರು ಬಂದು ಬೋರ್ಡ್ ಹಾಕಿದ್ರು, ನಾನು ಕಳ್ಳಿ ಆದೆ." ಇಷ್ಟು ಹೇಳಿ ಟೀ ಲೋಟವನ್ನು ಅರ್ಧಕ್ಕೇ ಬುಟ್ಟಿಗೆ ಹಾಕಿ ಹೋದರು.

ಇದೂ ಒಂದು ಜಾಣತನ ಇರಬಹುದು ಎಂದುಕೊಂಡೆ. ಆದರೂ ಮಾತು ಚುಚ್ಚಿತು. ಸಂಜೆ ಆಫೀಸಿಗೆ ಬಂದು, ಆಕೆ ಆ ದಿನ ಹಾಕಿದ್ದ ಅಂಕಿಗಳನ್ನೆಲ್ಲ, ಸದಾಶಿವಯ್ಯನವರಿಂದ ಕೇಳಿ ತಂದಿದ್ದ ನರ್ಸ್ ಚೀಟಿಗಳ ಜೊತೆ ತಾಳೆ ನೋಡಿದೆ. ಒಂದೂ ವ್ಯತ್ಯಾಸವಿರಲಿಲ್ಲ. ಅಲ್ಲಿಗೆ ಆಕೆಯ ಮೇಲಿನ ಅನುಮಾನ ಹೋಗಬೇಕಿತ್ತು. ಹೋಗಲಿಲ್ಲ. ನರ್ಸೂ ಆಕೆಯೂ ಸೇರಿಕೊಂಡಿರಬಹುದು ಎಂದಿತು ಮನಸ್ಸು. ಆಮೇಲೆ ಅದು ಇನ್ನೊಂದು ಕಡೆ ತಿರುಗಿತು. ಸಾಲನ್ನು ಜೋಡಿಸುವ ಭಾಗವನ್ನು ಬರೆದವನು ಲೋಹಿತ್. ಅದನ್ನು ಅವನು ಯಾರಿಗೂ ತೋರಿಸಿರಲಿಲ್ಲ.

ಅವನಿಗೆ ಅದರ ಬಗ್ಗೆ ಬಹಳ ಹೆಮ್ಮೆ. ಬೋರ್ಡಿನೊಳಗೆ ಇದ್ದದ್ದು ಒಂದು ಅಗ್ಗದ ಕಂಪ್ಯೂಟರ್ ಚಿಪ್. ದೀಪ ಉರಿಸುವುದೂ ಅದೇ, ಸಾಲು ಜೋಡಿಸುವುದೂ ಅದೇ. ಮೊದಲು ಎಲ್ಲರೂ ಮಾಡುವಂತೆ ಇಬ್ಬಿಬ್ಬರನ್ನು ಹೋಲಿಸಿ ಹಿಂದೆಮುಂದೆ ಮಾಡುತ್ತಾ ಜೋಡಿಸುತ್ತಿದ್ದಾಗ, ಜನ ಹೆಚ್ಚಾದ ದಿನ ಚಿಪ್ಪಿಗೆ ಏದುಸಿರು ಬಂದು ಅಕ್ಷರಗಳು ಮಿಟುಕುತ್ತಿದ್ದವು. ಲೋಹಿತ್ ಬೇರೆ ವಿಧಾನ ಹಿಡಿದ. ಅದರಲ್ಲಿ ಯಾರನ್ನೂ ಯಾರ ಜೊತೆಗೂ ಹೋಲಿಸುವುದೇ ಇಲ್ಲ. ಜನ ಎರಡರಷ್ಟಾದರೆ ಕೆಲಸವೂ ಎರಡರಷ್ಟು, ಅದಕ್ಕಿಂತ ಹೆಚ್ಚಿಲ್ಲ. ಮಿಟುಕುವುದು ನಿಂತುಹೋಯಿತು.

ಹೋಲಿಸದೆ ಜೋಡಿಸುವುದು ಹೇಗೆ ಎಂದು ನನಗೆ ಮೊದಲಿನಿಂದಲೂ ಅಪನಂಬಿಕೆ. ಆ ಭಾಗ ಒಮ್ಮೆ ನೋಡಬೇಕು ಎಂದೆ.

"ಟೆಸ್ಟ್ ಪಾಸ್ ಆಗಿದೆ ಸವಿತಾ," ಎಂದ ಅವನು. "ಒಂದಾದ್ಮೇಲೆ ಎರಡು, ಎರಡಾದ್ಮೇಲೆ ಮೂರು. ಎಲ್ಲೂ ತಪ್ಪಿಲ್ಲ. ಇನ್ನೇನ್ ನೋಡ್ಬೇಕು?"

ಹಾಗೆನ್ನುತ್ತಾ ತನ್ನ ಲ್ಯಾಪ್‌ಟಾಪನ್ನು ಅರ್ಧ ಮುಚ್ಚಿದ. ಶಬಾನಾ ಪರದೆ ತಿರುಗಿಸಿ ಇಟ್ಟುಕೊಂಡ ಹಾಗೆಯೇ ಕಂಡಿತು ನನಗೆ. ಅವನು ಮುಚ್ಚಿಟ್ಟದ್ದು ಬೇರೆ ಕಂಪನಿಗೆ ಬರೆಯುತ್ತಿದ್ದ ಅರ್ಜಿ ಎಂದು ತಿಂಗಳ ಮೇಲೆ ಗೊತ್ತಾಯಿತು. ಆವತ್ತು ಮಾತ್ರ ಯಾರದೋ ಮಾತು ಕೇಳಿ ಇವನೇ ಒಳಗೆ ಏನೋ ಇಟ್ಟಿದ್ದಾನೆ ಎಂದು ಖಾತ್ರಿಯಾಗಿಬಿಟ್ಟಿತ್ತು.

ಭಾನುವಾರ ಕೊಡಿಗೇಹಳ್ಳಿಯ ನನ್ನ ರೂಮಿನಲ್ಲಿ ಕೂತು ಅದೇ ವಿಧಾನವನ್ನು ಪುಸ್ತಕದಲ್ಲಿ ಹುಡುಕಿ ನಾನೇ ಮೊದಲಿನಿಂದ ಬರೆದೆ. ನನ್ನದು ಕೊಡುವ ಉತ್ತರವನ್ನೂ ಬೋರ್ಡು ತೋರಿಸಿದ್ದನ್ನೂ ಅಕ್ಕಪಕ್ಕ ಇಟ್ಟರೆ ಕಳ್ಳತನ ಎಲ್ಲಿದೆ ಎಂದು ಸಿಗಬೇಕು. ಹೊರಗೆ ಮನೆ ಓನರಮ್ಮ ಬಾಲ್ಕನಿಯ ಬಟ್ಟೆಗಳನ್ನು ಎಳೆದುಕೊಳ್ಳುತ್ತಾ ಮಳೆಯನ್ನು ಬೈಯುತ್ತಿದ್ದರು.

ಬರೆಯುತ್ತಾ ಹೋದಂತೆ ಅಪನಂಬಿಕೆ ಕರಗಿ ಒಂದು ಬಗೆಯ ಖುಷಿಯೇ ಆಯಿತು. ಮೊದಲು ಪ್ರತಿ ದರ್ಜೆಯಲ್ಲಿ ಎಷ್ಟು ಜನ ಎಂದು ಎಣಿಸುವುದು. ಒಂದನೆಯ ದರ್ಜೆಯವರು ಇಬ್ಬರು, ಎರಡನೆಯವರು ಮೂವರು ಎಂದುಕೊಳ್ಳಿ. ಹಾಗಾದರೆ ಒಂದನೆಯವರಿಗೆ ಮೊದಲ ಎರಡು ಕುರ್ಚಿ, ಎರಡನೆಯವರಿಗೆ ಮೂರರಿಂದ ಐದರ ತನಕ. ಹೀಗೆ ಕೂಡಿಸುತ್ತಾ ಹೋದರೆ ಯಾವ ದರ್ಜೆಯ ಕೊನೆಯ ಕುರ್ಚಿ ಯಾವುದು ಎಂದು ಗೊತ್ತಾಗಿಬಿಡುತ್ತದೆ. ಆಮೇಲೆ ಒಬ್ಬೊಬ್ಬರನ್ನೇ ಕರೆದು, ಅವರ ದರ್ಜೆಯ ಕೊನೆಯ ಕುರ್ಚಿಯಿಂದ ಹಿಂದಕ್ಕೆ ಕೂರಿಸುತ್ತಾ ಬರುವುದು. ಅಷ್ಟೇ. ಯಾರ ಮುಖವನ್ನೂ ಯಾರ ಮುಖಕ್ಕೂ ಹೋಲಿಸಬೇಕಾಗಿಲ್ಲ. ಅಂಕಿಗಳು ಚಿಕ್ಕವಾಗಿದ್ದರೆ, ಹೀಗೆ ಒಂದರಿಂದ ಐದರ ಒಳಗಿದ್ದರೆ, ಇದಕ್ಕಿಂತ ಚುರುಕಾದ ದಾರಿ ಇಲ್ಲ.

ಬರೆದು ಮುಗಿಸಿ, ಆಸ್ಪತ್ರೆಯ ಒಂದು ಬೆಳಗಿನ ಅಂಕಿಗಳನ್ನು ಹಾಕಿ ಓಡಿಸಿದೆ. ನನ್ನ ಫೋನಿನಲ್ಲಿದ್ದ ಬೋರ್ಡಿನ ಫೋಟೋಗಳ ಜೊತೆ ಹೋಲಿಸಿದೆ. ಎರಡೂ ಬೇರೆ. ನನ್ನದರಲ್ಲಿ ನಲವತ್ತೊಂದು ಇದ್ದಲ್ಲೇ ಇತ್ತು, ಬೋರ್ಡಿನಲ್ಲಿ ಕುಣಿಯುತ್ತಿತ್ತು. ಮೊದಲು ನನ್ನದೇ ತಪ್ಪಿರಬೇಕು ಎಂದು ಸಾಲು ಸಾಲಾಗಿ ಓದಿದೆ. ಕೊನೆಯ ಹೆಜ್ಜೆಯ ಹತ್ತಿರ ಬಂದಾಗ ಏನೋ ಹೊಳೆಯಿತು. ಕುರ್ಚಿಗಳನ್ನು ಕೊನೆಯಿಂದ ತುಂಬುತ್ತಿದ್ದೇವೆ, ಆದ್ದರಿಂದ ಜನರನ್ನೂ ಸಾಲಿನ ಕೊನೆಯಿಂದಲೇ ಕರೆಯಬೇಕು. ನಾನು ಹಾಗೆ ಬರೆದಿದ್ದೆ. ಯಾರಾದರೂ ಸಾಲಿನ ಮುಂದಿನಿಂದ ಕರೆದರೆ? ಮೊದಲು ಬಂದವರು ಹೋಗಿ ಕೊನೆಯ ಕುರ್ಚಿಯಲ್ಲಿ ಕೂರುತ್ತಾರೆ. ದರ್ಜೆಗಳ ಕ್ರಮ ಸರಿಯಾಗೇ ಇರುತ್ತದೆ, ಒಂದಾದ ಮೇಲೆ ಎರಡು, ಎರಡಾದ ಮೇಲೆ ಮೂರು. ಒಂದೇ ದರ್ಜೆಯ ಒಳಗಿನವರು ಮಾತ್ರ ತಲೆಕೆಳಗಾಗುತ್ತಾರೆ. ಹೊಸಬರು ಒಬ್ಬರು ಸೇರಿದಾಗಲೆಲ್ಲ ಬೋರ್ಡು ಆ ಸಾಲನ್ನೇ ಮತ್ತೆ ಜೋಡಿಸುತ್ತದೆ, ಮತ್ತೆ ತಲೆಕೆಳಗು.

ನನ್ನದನ್ನು ಬೇಕೆಂದೇ ಹಾಗೆ ಕೆಡಿಸಿ ಓಡಿಸಿದೆ. ಫೋಟೋಗಳಲ್ಲಿದ್ದ ಸಂಖ್ಯೆಗಳೇ ಒಂದೊಂದಾಗಿ ಬಂದವು. ಖುಷಿಯೆಲ್ಲ ಇಳಿದುಹೋಯಿತು. ಆಕೆ ಕೀಲಿ ಒತ್ತಿದಾಗಲೆಲ್ಲ ಸಾಲು ಬದಲಾಗುತ್ತಿದ್ದದ್ದು ನಿಜ. ಆಕೆ ಒತ್ತುತ್ತಿದ್ದದ್ದು ಹೊಸ ರೋಗಿಯನ್ನು ಸೇರಿಸಲು, ತನ್ನ ಕೆಲಸ ಮಾಡಲು. ಹುಬ್ಬು ಗಂಟು ಹಾಕುತ್ತಿದ್ದದ್ದು ಆಕೆಗೂ ಅರ್ಥವಾಗದೆ.

ಸೋಮವಾರ ಲೋಹಿತನಿಗೆ ಹೇಳಿದೆ. ಅವನು ಈ ಸಲ ಮಾತಿಲ್ಲದೆ ತೆರೆದು ತೋರಿಸಿದ. ನಾನು ಊಹಿಸಿದ್ದ ಜಾಗದಲ್ಲೇ, ಊಹಿಸಿದ್ದ ಹಾಗೆಯೇ ಇತ್ತು. ಪರದೆಯ ಮೇಲೆ ಬೆರಳಿಟ್ಟು ಅದನ್ನೇ ಮತ್ತೊಮ್ಮೆ ಓದಿದ. ಮುಖದಲ್ಲಿ ಕಪಟವೇನೂ ಕಾಣಲಿಲ್ಲ.

"ಒಂದೇ ದರ್ಜೆ ಅಂದ್ಮೇಲೆ ಎಲ್ಲರೂ ಒಂದೇ ಅಲ್ವಾ ಅಂದ್ಕೊಂಡಿದ್ದೆ," ಎಂದ. "ಅವರ ಒಳಗೂ ಮುಂದೆ ಹಿಂದೆ ಇರುತ್ತೆ ಅಂತ ಹೊಳೀಲೇ ಇಲ್ಲ."

ಇಬ್ಬರೂ ಗುರುಪ್ರಸಾದ್ ಸರ್ ಹತ್ತಿರ ಹೋದೆವು. ಅವರು ಕೋಪಿಸಿಕೊಳ್ಳಲಿಲ್ಲ, ಅದೇ ನನಗೆ ಹೆದರಿಕೆ ತಂದದ್ದು. ಸ್ವಲ್ಪ ಯೋಚಿಸಿ, ಗುರುವಾರದಿಂದ ಶಬಾನಾರನ್ನು ಕೌಂಟರಿನಿಂದ ತೆಗೆದು ಹಳೆಯ ಫೈಲುಗಳ ಕೋಣೆಗೆ ಹಾಕುತ್ತಾರಂತೆ, ಅದೇ ಬೆಳಿಗ್ಗೆ ಹೋಗಿ ಬೋರ್ಡು ಸರಿ ಮಾಡಿಬಿಡಿ ಎಂದರು. ಯಾರಿಗೂ ಏನೂ ಹೇಳುವ ಅಗತ್ಯವಿಲ್ಲ. ಯಶವಂತಪುರದ ದೊಡ್ಡ ಆಸ್ಪತ್ರೆಯೊಂದರ ಕೆಲಸ ಇನ್ನೇನು ಕೈಗೆ ಬರುವುದರಲ್ಲಿದೆ, ಈಗ ಹೆಸರು ಕೆಡಿಸಿಕೊಳ್ಳುವುದು ಬೇಡ.

ಹೊರಗೆ ಬಂದ ಮೇಲೆ ನನಗೆ ಪೂರ್ತಿ ಅರ್ಥವಾಯಿತು. ಆಕೆ ಕೌಂಟರು ಬಿಟ್ಟ ದಿನವೇ ಬೋರ್ಡು ಸರಿಯಾದರೆ, ಕದ್ದವಳು ಆಕೆಯೇ ಎಂದು ಇಡೀ ಹಾಲು ತೀರ್ಮಾನಿಸುತ್ತದೆ. ಮೊದಲು ಬರೀ ಅನುಮಾನ ಇತ್ತು. ನಾವು ಅದಕ್ಕೆ ಸಾಕ್ಷಿ ಒದಗಿಸಿಕೊಡುತ್ತಿದ್ದೆವು. ತಾವು ಮಾಡಹೇಳಿದ್ದು ಇದನ್ನೇ ಎಂದು ಗುರುಪ್ರಸಾದ್ ಸರ್‌ಗೆ ಗೊತ್ತಿತ್ತೋ ಇಲ್ಲವೋ, ಇವತ್ತಿಗೂ ನನಗೆ ತಿಳಿಯದು.

ಗುರುವಾರ ಯಾರಿಗೂ ಹೇಳದೆ ಬೆಳಿಗ್ಗೆಯೇ ಆಸ್ಪತ್ರೆಗೆ ಹೋದೆ. ಲೋಹಿತ್ ನನಗಿಂತ ಮುಂಚೆ ಬಂದಿದ್ದ. ಬೋರ್ಡಿನ ಕೆಳಗೆ ಸ್ಟೂಲು ಹಾಕಿಕೊಂಡು, ಕೇಬಲ್ ಸಿಕ್ಕಿಸಿ, ಲ್ಯಾಪ್‌ಟಾಪ್ ತೆರೆದು ಕೂತಿದ್ದ. ನನ್ನನ್ನು ಕಂಡು ಮುಖ ತಗ್ಗಿಸಿದ.

"ಸರ್ ಹೇಳಿದ್ರು," ಎಂದ.

ಸ್ವಲ್ಪ ಹೊತ್ತು ಕೈ ತೆಗಿ, ಆಮೇಲೆ ನಿನ್ನಿಷ್ಟ ಎಂದೆ. ಅವನನ್ನು ಹಾಗೇ ಬಿಟ್ಟು ಸದಾಶಿವಯ್ಯನವರ ಕೋಣೆಗೆ ಹೋಗುವಾಗ ಎರಡು ಸಲ ಹಿಂತಿರುಗಿ ನೋಡಿದೆ. ಕೈ ಕಟ್ಟಿಕೊಂಡು ಕೂತಿದ್ದ.

ಸದಾಶಿವಯ್ಯನವರು ನನ್ನ ಮಾತು ನಂಬಲಿಲ್ಲ. ಕಂಪ್ಯೂಟರ್ ಯಾಕ್ರೀ ಸುಳ್ಳು ಹೇಳುತ್ತೆ, ಆಕೆ ನಿಮ್ಮನ್ನೂ ಬುಟ್ಟಿಗೆ ಹಾಕ್ಕೊಂಡ್ಲಾ ಎಂದರು. ನಾನು ವಾದ ಮಾಡಲಿಲ್ಲ. ಶಬಾನಾ ಈಗ ಕೌಂಟರಿನಲ್ಲಿಲ್ಲವಲ್ಲ, ನೀವೇ ಒಂದಷ್ಟು ಹೊತ್ತು ಕೂತು ಟೋಕನ್ ಕೊಡಿ ಸರ್ ಎಂದು ಕೇಳಿಕೊಂಡೆ. ಅವರು ಗೊಣಗುತ್ತಲೇ ಬಂದು ಕೂತರು.

ಮಳೆ ಜೋರಾಗಿ, ಹಾಲು ತುಂಬಿತ್ತು. ಅವರು ಒಬ್ಬರ ಚೀಟಿ ನೋಡಿ ಬೆರಳು ಹುಡುಕುತ್ತಾ ಅಂಕಿ ಹಾಕಿ ಒತ್ತಿದರು. ಬೋರ್ಡಿನ ಸಾಲು ಅದಲುಬದಲಾಯಿತು. ಇನ್ನೊಬ್ಬರನ್ನು ಹಾಕಿದರು. ಮತ್ತೆ ಬದಲಾಯಿತು. ಕನ್ನಡಕ ತೆಗೆದು ಒರೆಸಿಕೊಂಡು ಮೂರನೆಯವರನ್ನು ಹಾಕಿದರು. ಹಿಂದಿನ ಸಾಲಿನಲ್ಲಿ ಯಾರೋ, "ನೋಡು ಗುರು, ಈಗ ದೊಡ್ಡೋರೇ ಶುರು ಹಚ್ಕೊಂಡ್ರು," ಎಂದದ್ದು ಎಲ್ಲರಿಗೂ ಕೇಳಿಸಿತು. ಸದಾಶಿವಯ್ಯನವರ ಕಿವಿ ಕೆಂಪಾಯಿತು. ಕೀಲಿಮಣೆಯಿಂದ ಕೈ ಎತ್ತಿ ಮಡಿಲಲ್ಲಿ ಇಟ್ಟುಕೊಂಡರು.

ಫೈಲುಗಳ ಕೋಣೆಯಿಂದ ಶಬಾನಾರನ್ನು ಕರೆಸಿದರು. ಲೋಹಿತ್ ತನ್ನ ತಪ್ಪು ಏನೆಂದು ತಾನೇ ಆಕೆಗೆ ಹೇಳಿ, ಪ್ರೋಗ್ರಾಮಿನ ಆ ಒಂದು ಸಾಲನ್ನು ತಿದ್ದಿದ. ಬೋರ್ಡು ನೆಟ್ಟಗಾಯಿತು. ಯಂತ್ರದಲ್ಲಿ ಸಣ್ಣ ದೋಷವಿತ್ತು, ಸರಿಪಡಿಸಲಾಗಿದೆ ಎಂದು ಗೋಡೆಗೆ ಒಂದು ನೋಟೀಸು ಅಂಟಿಸುತ್ತೇನೆ ಎಂದರು ಸದಾಶಿವಯ್ಯ.

"ಬೋರ್ಡ್ ಸರಿ ಹೋಯ್ತು ಅಂತ ಹಾಕ್ತೀರ ಸರ್," ಎಂದರು ಶಬಾನಾ. ದನಿ ಏರಿರಲಿಲ್ಲ. "ನಾನು ಕಳ್ಳಿ ಅಲ್ಲ ಅಂತ ಎಲ್ಲಿ ಹಾಕ್ತೀರ?"

ಆಕೆ ಮೂಲೆಯಲ್ಲಿದ್ದ ಮೈಕಿನ ಮೇಲಿನ ಬಟ್ಟೆ ತೆಗೆದು, ಮೈಕನ್ನು ಕೌಂಟರಿನ ಮೇಲೆ ನನ್ನ ಕಡೆಗೆ ತಳ್ಳಿದರು.

ನನಗೆ ಭಾಷಣ ಬಾರದು. ನಾನು ಯಾರೆಂದು ಹೇಳಿದೆ. ಸಾಲು ತಪ್ಪುತ್ತಿದ್ದದ್ದು ನಾವು ಮಾಡಿದ ಬೋರ್ಡಿನಿಂದ, ಶಬಾನಾ ಅವರು ಯಾರನ್ನೂ ಮುಂದೆ ಬಿಟ್ಟಿಲ್ಲ, ಯಾರನ್ನೂ ಹಿಂದೆ ಹಾಕಿಲ್ಲ ಎಂದೆ. ಹಾಲಿನಲ್ಲಿ ಗುಜುಗುಜು ಎದ್ದಿತು. ಕೆಲವರು ತಲೆದೂಗಿದರು. ಕಂಪನಿಯವರ ಬಾಯಲ್ಲಿ ಹೀಗೆ ಹೇಳಿಸೋಕೆ ಏನು ಕೊಟ್ಟಳೋ ಎಂದವರೂ ಇದ್ದರು.

ಗುರುಪ್ರಸಾದ್ ಸರ್ ನನ್ನ ಜೊತೆ ಅಷ್ಟಾಗಿ ಮಾತಾಡಲಿಲ್ಲ ಆಮೇಲೆ. ಯಶವಂತಪುರದ ಕೆಲಸ ಬೇರೆಯವರಿಗೆ ಹೋಯಿತು. ಲೋಹಿತ್ ಅರ್ಜಿ ಹಾಕಿದ್ದ ಕಡೆ ಸೇರಿಕೊಂಡ, ಮಳೆ ಮುಗಿಯುವ ಹೊತ್ತಿಗೆ ನಾನೂ ಬೇರೆ ಕೆಲಸ ನೋಡಿಕೊಂಡೆ. ಹೊರಡುವ ಮುಂಚೆ ಕೊನೆಯ ಸಲ ಬೋರ್ಡು ನೋಡಿಬರಲು ಹೆಬ್ಬಾಳಕ್ಕೆ ಹೋಗಿದ್ದೆ. ಶಬಾನಾ ಕೌಂಟರಿನಲ್ಲಿದ್ದರು. ನನ್ನನ್ನು ನೋಡಿ ತಲೆಯಾಡಿಸಿದರು, ನಗಲಿಲ್ಲ.

ಗಂಗಹನುಮಯ್ಯ ಹೆಂಡತಿಯ ತೋಳು ಹಿಡಿದು ಬಂದರು. ಲಕ್ಷ್ಮಮ್ಮನ ಕಾಲಿಗೆ ಹೊಸ ಪಟ್ಟಿ ಇತ್ತು, ನಡಿಗೆ ಸ್ವಲ್ಪ ಸುಧಾರಿಸಿತ್ತು. ಗಂಗಹನುಮಯ್ಯ ಚೀಟಿ ಕೊಟ್ಟು ಹೇಳಿದರು: "ಬ್ಯಾಸ್ರ ಮಾಡ್ಕಬ್ಯಾಡ ಕಣವ್ವ. ಆವತ್ತು ಇವ್ಳು ಬಿದ್ಬುಟ್ಳಲ್ಲ, ಅಂಗಂದ್ಬುಟ್ಟೆ."

ಶಬಾನಾ ಅಂಕಿ ಹಾಕಿ, ಟೋಕನ್ ಹರಿದು ಮುಂದಿಟ್ಟರು. "ಅವರು ತಿಂಡಿ ತಿಂದಿದಾರಾ?"

"ಇಲ್ಲ, ರಗುತ ತೆಗೀಬೇಕಲ್ಲ."

"ಇಲ್ಲಿ ಕಾಯ್ಬೇಡಿ. ಮೊದ್ಲು ಲ್ಯಾಬಿಗೆ ಹೋಗಿ ರಕ್ತ ಕೊಡ್ಸಿ, ಏನಾದ್ರೂ ತಿನ್ಸ್ಕೊಂಡು ಬನ್ನಿ. ನಿಮ್ಮ ನಂಬರ್ ಎಲ್ಲೂ ಹೋಗಲ್ಲ."

ಅವರು ಟೋಕನ್ ನೋಡಿದರು, ಬೋರ್ಡು ನೋಡಿದರು, ಆಕೆಯ ಮುಖ ನೋಡಿದರು. ಹಾಲು ಬಿಟ್ಟು ಹೋಗಲು ಕಾಲು ಬರುತ್ತಿಲ್ಲ ಎಂದು ದೂರದಿಂದಲೇ ತಿಳಿಯುತ್ತಿತ್ತು. ಲಕ್ಷ್ಮಮ್ಮನೇ ಅವರ ಕೈ ಎಳೆದುಕೊಂಡು ಹೊರಟರು. ಲ್ಯಾಬಿನ ಬಾಗಿಲಲ್ಲಿ ಗಂಗಹನುಮಯ್ಯ ನಿಂತು, ತಿರುಗಿ ಒಮ್ಮೆ ನೋಡಿ, ಒಳಗೆ ಹೋದರು.

ಶಬಾನಾ ಮುಂದಿನವರ ಚೀಟಿ ತಗೊಂಡು ಕೀಲಿ ಒತ್ತಿದರು. ಟೋಕನ್ ಹರಿಯುವ ಮುಂಚೆ ಕತ್ತೆತ್ತಿ ಬೋರ್ಡು ನೋಡಿದರು. ಲಕ್ಷ್ಮಮ್ಮನ ಸಂಖ್ಯೆ ಇದ್ದಲ್ಲೇ ಇತ್ತು.